ಬೆಣ್ಣೆಗೆ ಹತ್ತು ಪ್ರಶ್ನೆ, ಕ್ರೀಮಿಗೆ ಸೊನ್ನೆ

ದಾವಣಗೆರೆ ಮಂದಿಗೆ ಬೆಣ್ಣೆ ದೋಸೆಯಲ್ಲಿ ಮೋಸ ಮಾಡುವುದು ಸುಲಭವಲ್ಲ. ಮೊದಲ ತುತ್ತಿಗೇ "ಏನ್ರೀ, ಬೆಣ್ಣೆನಾ ವನಸ್ಪತಿನಾ?" ಎಂದು ಹೋಟೆಲಿನವರ ಜಾತಕ ಜಾಲಾಡುತ್ತಾರೆ. ಅದೇ ಮಂದಿ ಒಣಗಾಳಿಗೆ ಕೆನ್ನೆ ಬಿರಿದ ಕೂಡಲೇ ಅಂಗಡಿಗೆ ಹೋಗಿ, "ಇದ್ರಾಗೆ ಕೆಮಿಕಲ್ಲೇ ಇಲ್ಲ, ತಗಳ್ರಿ ಅಕ್ಕಾ" ಎಂಬ ಒಂದು ಮಾತಿಗೆ ದುಡ್ಡು ಎಣಿಸಿ ಬರುತ್ತಾರೆ. ಕೆಮಿಕಲ್ಲೇ ಇಲ್ಲದಿದ್ದರೆ ಡಬ್ಬಿ ಖಾಲಿ ಇರಬೇಕಿತ್ತು. ಒಳಗಿನ ನೀರೂ ಕೆಮಿಕಲ್ಲೇ. ಮಾಮೂಲಿ ಲೋಷನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ.

ಡಬ್ಬಿಯ ಮುಂದೆ ಕೇಸರಿ, ಬಾದಾಮಿ, ಲೋಳೆಸರದ ಮೆರವಣಿಗೆ. ಹಿಂದೆ, ಇರುವೆಗಷ್ಟೇ ಓದಲಾಗುವ ಅಕ್ಷರದಲ್ಲಿ, ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದು ಮೊದಲು. ಶೇ 1ಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಹೇಗೆ ಬೇಕಾದರೂ ಜೋಡಿಸಬಹುದು. ಕ್ರೀಮು ಕೆಡದಂತೆ ಕಾಯುವ ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕಕ್ಕೆ ಶೇ 1ರ ಮಿತಿ ಇದೆ. ಕೇಸರಿ ಅದರ ಹಿಂದೆ ನಿಂತಿದ್ದರೆ, 50 ಗ್ರಾಂ ಡಬ್ಬಿಯಲ್ಲಿ ಅದರ ಪಾಲು ಬಹಳವೆಂದರೆ ಅರ್ಧ ಗ್ರಾಂ. ಫೋಟೊ ಮಾತ್ರ ಪೂರ್ತಿ ಡಬ್ಬಿಯಗಲ.

ಪ್ಯಾರಾಬೆನ್ ಎಂಬ ಹಳೆಯ ಸಂರಕ್ಷಕ ಎಂದರೆ ನಮಗೆ ಯಮನ ಹೆಸರು ಕೇಳಿದ ಹಾಗೆ. ಈ ಭಯಕ್ಕೆ ಬೆಲೆ ಕೊಟ್ಟ ಕಂಪನಿಗಳು ಹಲವು ಕ್ರೀಮುಗಳಲ್ಲಿ ಮೀಥೈಲ್‌ಐಸೊಥಯಾಝೊಲಿನೋನ್ ಎಂಬ ಬೇರೆ ಸಂರಕ್ಷಕ ತುಂಬಿದವು. ಜನಕ್ಕೆ ತುರಿಕೆ, ಅಲರ್ಜಿ ಹತ್ತಿಕೊಂಡಿತು. ಹಚ್ಚಿ ತೊಳೆಯದೆ ಬಿಡುವ ಕ್ರೀಮುಗಳಲ್ಲಿ ಯುರೋಪು ಅದನ್ನೇ ನಿಷೇಧಿಸಬೇಕಾಯಿತು. ಬೈಸಿಕೊಂಡ ಮೀಥೈಲ್‌ಪ್ಯಾರಾಬೆನ್‌ಗೆ ಅಲ್ಲಿ ಇವತ್ತಿಗೂ ಶೇ 0.4ರವರೆಗೆ ಪರವಾನಗಿ ಇದೆ.

ಸಂರಕ್ಷಕವೇ ಬೇಡವೆನ್ನುವ ಶುದ್ಧಾತ್ಮರು ವಾಟ್ಸಾಪ್ ಗುಂಪುಗಳಲ್ಲಿದ್ದಾರೆ. ಲೋಳೆಸರದ ತಿರುಳು, ಗುಲಾಬಿ ನೀರು, ಕೊಬ್ಬರಿ ಎಣ್ಣೆ ಮಿಕ್ಸಿಗೆ ಹಾಕಿ, ಒಂದು ವಿಟಮಿನ್ ಇ ಮಾತ್ರೆ ಒಡೆದು ಸುರಿದರೆ "ಕೆಡೋದೇ ಇಲ್ಲ" ಎನ್ನುತ್ತಾರೆ. ವಿಟಮಿನ್ ಇ ಎಣ್ಣೆ ಕಮಟು ಹಿಡಿಯುವುದನ್ನು ತಡೆಯುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನಲ್ಲ. ನೀರಿನಂಶ, ದಿನಾ ಅದ್ದುವ ಬೆರಳು, ಹೊರಗಿನ ಸೆಕೆ: ಬೂಷ್ಟಿಗೆ ಇನ್ನೇನು ಬೇಕು?

ಇದೆಲ್ಲದರ ನಡುವೆ, ತಯಾರಕರ ವಿಳಾಸ, ಬ್ಯಾಚ್ ನಂಬರು, ಲೈಸೆನ್ಸ್ ನಂಬರು ಏನೂ ಇಲ್ಲದ ಬೆಳ್ಳಗಾಗಿಸುವ ಕ್ರೀಮನ್ನು ಮದುಮಗಳಿಗೆ ಧಾರಾಳವಾಗಿ ಬಳಿಯುತ್ತೇವೆ. ಪಾದರಸ ಹೆಚ್ಚಾಗಿ ಸಿಗುವುದು ಇಂಥ ಡಬ್ಬಿಗಳಲ್ಲೇ. ಅದು ಮೂತ್ರಪಿಂಡಕ್ಕೆ ಕೈ ಹಾಕುತ್ತದೆ. ಹೆದರಬೇಕಾದ ಜಾಗದಲ್ಲಿ ಮಾತ್ರ ನಮಗೆ ಧೈರ್ಯ ಬರುತ್ತದೆ.

ಇನ್ನು ಪ್ಲಾಸ್ಟಿಕ್. ಪಟ್ಟಿಯಲ್ಲಿ ಪಾಲಿಎಥಿಲೀನ್, ನೈಲಾನ್-12, ಪಾಲಿಮೀಥೈಲ್ ಮೆಥಾಕ್ರಿಲೇಟ್ ಕಂಡರೆ ಅವು ನಿಜವಾದ ಪ್ಲಾಸ್ಟಿಕ್ಕಿನ ಪುಡಿ. ಕೆನ್ನೆಗೆ ರೇಷ್ಮೆಯ ನುಣುಪು ಕೊಡಲು ಹಾಕುತ್ತಾರೆ. ಚರ್ಮದೊಳಗೆ ಇಳಿಯುವುದಕ್ಕಿಂತ ಮುಖ ತೊಳೆದಾಗ ಚರಂಡಿಗೆ ಇಳಿಯುವುದೇ ಹೆಚ್ಚು. ಡೈಮೆಥಿಕೋನ್ ದ್ರವ ಸಿಲಿಕೋನ್, ಅದನ್ನು ಈ ಪುಡಿಯ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ಯುರೋಪು 2023ರಲ್ಲಿ ಪುಡಿಗೆ ಕಡಿವಾಣ ಹಾಕಿತು, ಆದರೆ ಹಚ್ಚಿ ಬಿಡುವ ಕ್ರೀಮುಗಳಿಗೆ 2029ರ ಅಕ್ಟೋಬರ್‌ವರೆಗೆ ಗಡುವು ಕೊಟ್ಟಿತು.

ಬಿರಿದ ಕೆನ್ನೆಗೆ ಪಟ್ಟಿಯ ಮೊದಲ ನಾಲ್ಕೈದರಲ್ಲಿ ಗ್ಲಿಸರಿನ್ ಇರುವ, ಸುವಾಸನೆ ಇಲ್ಲದ ಯಾವುದೋ ಸಾದಾ ಲೋಷನ್ ಸಾಕು. ಸ್ನಾನವಾದ ಮೇಲೆ, ಮೈ ಇನ್ನೂ ಹಸಿಯಿರುವಾಗಲೇ ಹಚ್ಚಬೇಕು. ಆದರೆ ಅದನ್ನು ಕೇಳಿದರೆ ಅಂಗಡಿಯವರು ಮುಖ ಸಿಂಡರಿಸಿ, ಮೇಲಿನ ಶೆಲ್ಫಿನಿಂದ "ಪ್ಲಾಸ್ಟಿಕ್ ಮುಕ್ತ" ಎಂದು ಬರೆದದ್ದನ್ನೇ ಇಳಿಸುತ್ತಾರೆ: ಪ್ಲಾಸ್ಟಿಕ್ ಡಬ್ಬಿ, ಪ್ಲಾಸ್ಟಿಕ್ ಮುಚ್ಚಳ, ಒಳಗೊಂದು ಪ್ಲಾಸ್ಟಿಕ್ ತಟ್ಟೆ, ಜೊತೆಗೆ ಪುಟ್ಟ ಪ್ಲಾಸ್ಟಿಕ್ ಚಮಚ ಉಚಿತ.