ಸಿಎನ್‌ಸಿಗೆ ಬಟನ್ ಒತ್ತಿದರೆ ಸಾಕೇ?

ಕಾರವಾರ, ಅಂಕೋಲಾ ಕಡೆಯ ವಾಟ್ಸ್‌ಆ್ಯಪ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಸಿಎನ್‌ಸಿ ಬಂದಮೇಲೆ ಬಟನ್ ಒತ್ತುವವರಿದ್ದರೆ ಸಾಕು, ಟರ್ನರ್ ಬೇಡ.’ ಇದು ತಪ್ಪು. ಸಿಎನ್‌ಸಿ ಅಂದರೆ ಕಂಪ್ಯೂಟರ್ ಕೋಡ್‌ನಿಂದ ನಡೆಯುವ ಲೋಹ ಕತ್ತರಿಸುವ ಯಂತ್ರ; ಟರ್ನರ್ ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸಗಾರ.

ಯಂತ್ರವು ನಾವು ಬರೆದುಕೊಟ್ಟ ಕೋಡನ್ನಷ್ಟೇ ಪಾಲಿಸುತ್ತದೆ. ಕೋಡಿನಲ್ಲಿ ಜಿ00 ಅಂದರೆ ಟೂಲ್ (ಕತ್ತರಿಸುವ ಉಪಕರಣ) ಪೂರ್ತಿ ವೇಗದಲ್ಲಿ ಓಡುತ್ತದೆ. ಜಿ01 ಅಂದರೆ ಕೊಟ್ಟ ಫೀಡ್‌ನಲ್ಲಿ (ಟೂಲ್ ಮುಂದೆ ಸರಿಯುವ ವೇಗದಲ್ಲಿ) ಲೋಹ ಕತ್ತರಿಸುತ್ತ ಸಾಗುತ್ತದೆ. ಅದಲುಬದಲಾದರೆ ಟೂಲ್ ಜಾಬ್‌ಗೆ (ಕತ್ತರಿಸುತ್ತಿರುವ ಲೋಹದ ತುಂಡಿಗೆ) ಬಡಿದು ಮುರಿಯಬಹುದು. ಆಫ್‌ಸೆಟ್ (ಟೂಲ್ ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಸುವ ಅಳತೆ) ಅರ್ಧ ಮಿಲಿಮೀಟರ್ ತಪ್ಪಿದರೆ ಅದೇ ತಪ್ಪು ಪ್ರತಿ ಜಾಬ್‌ನಲ್ಲೂ ಬರುತ್ತದೆ. ಅಲ್ಯೂಮಿನಿಯಂಗೆ ಹೊಂದುವ ವೇಗವನ್ನು ಸ್ಟೇನ್‌ಲೆಸ್ ಸ್ಟೀಲಿಗೆ ಕೊಟ್ಟರೆ ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಬೇಗ ಹಾಳಾಗುತ್ತದೆ. ಇದನ್ನು ಸದ್ದಿನಲ್ಲೇ, ಚಿಪ್‌ನ (ಕತ್ತರಿಸಿದಾಗ ಬರುವ ಲೋಹದ ಚೂರಿನ) ಬಣ್ಣದಲ್ಲೇ ಹಿಡಿಯುವವರು ಲೇತ್ ಮೇಲೆ ಕೈ ಪಳಗಿದವರು.

ಮೀನುಗಾರಿಕೆ ಬೋಟಿನ ಶಾಫ್ಟ್ ಲೇತಿನಲ್ಲಿ ಕಡೆದು, ಮೈಕ್ರೋಮೀಟರ್ ಹಿಡಿದು ಅಳತೆ ನೋಡಿದ ನಮ್ಮ ಟರ್ನರಣ್ಣಂದಿರಿಗೆ ಅರ್ಧ ಪಾಠ ಆಗಲೇ ಬರುತ್ತದೆ. ಅವರು ಹೊಸದಾಗಿ ಕಲಿಯಬೇಕಾದದ್ದು ಕೋಡ್, ಆಫ್‌ಸೆಟ್. ದಯವಿಟ್ಟು ಅವರನ್ನು ಹೆದರಿಸಬೇಡಿ, ತರಬೇತಿಗೆ ಕಳಿಸಿ.