ಅಮೆಜಾನ್ ಕಾಡು ಮತ್ತು ನಾವು ಉಸಿರಾಡುವ ಆಮ್ಲಜನಕ

ಜಗತ್ತಿನ ಆಮ್ಲಜನಕದ ಶೇ 20ರಷ್ಟನ್ನು ಅಮೆಜಾನ್ ಕಾಡೇ ಒದಗಿಸುತ್ತದೆ, ಅದು ಸುಟ್ಟುಹೋದರೆ ಉಸಿರಾಡಲು ಗಾಳಿಯೇ ಇರುವುದಿಲ್ಲ ಎಂಬ ಸಂದೇಶ ಮತ್ತೆ ಮತ್ತೆ ಹರಿದಾಡುತ್ತದೆ. ಹಂಚುವವರ ಕಾಳಜಿ ನಿಜವಾದದ್ದು. ಲೆಕ್ಕ ಮಾತ್ರ ತಪ್ಪು.

ದ್ಯುತಿಸಂಶ್ಲೇಷಣೆಯಲ್ಲಿ ಮರಗಳು ಆಮ್ಲಜನಕವನ್ನು ಬಿಡುಗಡೆ ಮಾಡುತ್ತವೆ ಎಂಬುದು ಸರಿ. ಆದರೆ ಅವೇ ಮರಗಳ ಉಸಿರಾಟವೂ, ಉದುರಿದ ಎಲೆ ಹಾಗೂ ಕಾಂಡಗಳನ್ನು ಕೊಳೆಯಿಸುವ ಶಿಲೀಂಧ್ರ ಮತ್ತು ಸೂಕ್ಷ್ಮಜೀವಿಗಳೂ ಸೇರಿ ಬಹುತೇಕ ಅಷ್ಟನ್ನೇ ಮರಳಿ ಬಳಸಿಕೊಳ್ಳುವುದರಿಂದ, ಬಲಿತ ಕಾಡಿನ ನಿವ್ವಳ ಕೊಡುಗೆ ಸೊನ್ನೆಗೆ ಹತ್ತಿರವಿರುತ್ತದೆ. ವಾತಾವರಣದಲ್ಲಿರುವ ಶೇ 21ರಷ್ಟು ಆಮ್ಲಜನಕ ಕೋಟ್ಯಂತರ ವರ್ಷಗಳಲ್ಲಿ ಸಂಗ್ರಹವಾದದ್ದು. ಕೊಳೆಯದೆ ಸಾಗರದ ತಳದ ಕೆಸರಿನಲ್ಲಿ ಹೂತುಹೋದ ಜೈವಿಕ ವಸ್ತುವೇ ಅದಕ್ಕೆ ಮುಖ್ಯ ಕಾರಣ.

ಇಂಥ ಅಂಕಿ ಕಂಡಾಗ ಅದು ಒಟ್ಟು ಉತ್ಪಾದನೆಯೋ, ಬಳಕೆಯನ್ನು ಕಳೆದು ಉಳಿದ ಮೊತ್ತವೋ ಎಂದು ಮೊದಲು ಕೇಳಬೇಕು. ನಂತರ ಅಳತೆಗಳನ್ನು ನೋಡಬಹುದು. ಕಳೆದ ಕೆಲವು ದಶಕಗಳ ದಾಖಲೆಗಳ ಪ್ರಕಾರ, ಮುಖ್ಯವಾಗಿ ಕಲ್ಲಿದ್ದಲು ಮತ್ತು ತೈಲದ ದಹನದಿಂದಾಗಿ, ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ವರ್ಷಕ್ಕೆ ಸುಮಾರು 4 ಆಮ್ಲಜನಕದ ಅಣುಗಳಷ್ಟೇ ಕಡಿಮೆಯಾಗುತ್ತಿವೆ. ಇರುವ 2,09,000ಕ್ಕೂ ಹೆಚ್ಚಿನ ಅಣುಗಳ ಮುಂದೆ ಇದು ಅತ್ಯಲ್ಪ.

ಕಾಡು ಉಳಿಯಬೇಕಾದ ಕಾರಣಗಳು ಬೇರೆಯೇ ಇವೆ, ಮತ್ತು ಅವು ಇನ್ನೂ ಗಟ್ಟಿಯಾದವು. ಅಮೆಜಾನಿನ ಮರಗಳಲ್ಲಿ ಮತ್ತು ಮಣ್ಣಿನಲ್ಲಿ 10,000 ಕೋಟಿ ಟನ್‌ಗೂ ಹೆಚ್ಚು ಇಂಗಾಲ ಅಡಗಿದೆ. ಸುಟ್ಟಾಗ ಅದು ಇಂಗಾಲದ ಡೈಆಕ್ಸೈಡ್ ಆಗಿ ವಾತಾವರಣ ಸೇರಿ ಭೂಮಿಯನ್ನು ಕಾಯಿಸುತ್ತದೆ. ಬೇರುಗಳು ಹೀರಿದ ನೀರು ಎಲೆಗಳಿಂದ ಆವಿಯಾಗಿ, ಗಾಳಿಯೊಂದಿಗೆ ಸಾಗಿ, ದಕ್ಷಿಣ ಅಮೆರಿಕದ ದೂರದ ಕೃಷಿಭೂಮಿಗಳಿಗೂ ಮಳೆಯಾಗಿ ತಲುಪುತ್ತದೆ.