ತರಿಸಿಕೊಂಡ ಸಾಹೇಬರ ಹೆಸರಿದೆ, ಬರೆದವರ ಹೆಸರೆಲ್ಲಿ?

1803ರಲ್ಲಿ ಆಗ್ರಾ, ದೆಹಲಿ ಎರಡೂ ಮರಾಠರ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿ ಪಾಲಾದ್ಮೇಲೆ ತಾಜ್ ನೋಡೋಕೆ ಬರೋ ಬ್ರಿಟಿಷರ ಸಾಲೇ ಶುರುವಾಯ್ತು, ಬಂದೋರಿಗೆಲ್ಲ ಊರಿಗೆ ಒಯ್ಯೋಕೆ ಒಂದು ಚಿತ್ರ ಬೇಕು, ಕ್ಯಾಮೆರಾ ಇನ್ನೂ ಹುಟ್ಟಿಲ್ಲ, ಹಾಗಾಗಿ ಆಗ್ರಾದ ಚಿತ್ರಗಾರರು ತಾಜ್, ನೂರ್ ಜಹಾನ್ ತಂದೆ ಇತ್ಮಾದುದ್ದೌಲಾನ ಗೋರಿ, ಸಿಕಂದ್ರಾದಲ್ಲಿರೋ ಅಕ್ಬರನ ಸಮಾಧಿ ಎಲ್ಲಾ ಬರೆದು ಕೊಡ್ತಿದ್ರು.

ಇವನ್ನ ಟೂರಿಸ್ಟ್ ಸಾಮಾನು ಅಂತ ತಳ್ಳಿಹಾಕೋರನ್ನ ಕಂಡ್ರೆ ನಂಗೆ ನಿಜಕ್ಕೂ ಬೇಜಾರಾಗುತ್ತೆ. ಮುಮ್ತಾಜ್ ಗೋರಿಯ ಚಿತ್ರ ಸಿಕ್ರೆ ಆನ್‌ಲೈನಲ್ಲಿ ಝೂಮ್ ಮಾಡಿ ನೋಡಿ. ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸಿರೋ ಆ ಹೂಬಳ್ಳಿಯನ್ನ ಎಸಳು ಎಸಳಾಗಿ ಬರೆದಿದ್ದಾರೆ, ಕೆಂಪು ಎಲ್ಲಿ ತಿಳಿಯಾಗುತ್ತೆ, ಎಲೆ ಯಾವ ಕಡೆ ಬಾಗುತ್ತೆ ಎಲ್ಲಾ. ಮೊಘಲ್ ಮಿನಿಯೇಚರ್, ಅಂದ್ರೆ ಪುಟ್ಟ ಗಾತ್ರದ ಸೂಕ್ಷ್ಮ ಚಿತ್ರ, ಬರೆದು ಪಳಗಿದ ಕೈ, ಇಂಗ್ಲೆಂಡಿಂದ ಬಂದ ಕಾಗದ, ಸ್ಕೇಲಿಟ್ಟು ಎಳೆದ ಗೆರೆ. ಇಷ್ಟು ಗಮನ ಕೊಟ್ಟು ನೋಡಿದವರು ಬರೀ ಕಾಪಿ ಮಾಡೋರಲ್ಲ ಕಣ್ರೀ.

ಆದ್ರೆ ಮ್ಯೂಸಿಯಂ ಲೇಬಲ್ ಮೇಲೆ ಏನಿರುತ್ತೆ? ‘ಆಗ್ರಾದ ಚಿತ್ರಗಾರ’ ಅಷ್ಟೇ. ಲತೀಫ್ ಅಂತ ಒಬ್ಬರ ಹೆಸರು ಉಳಿದಿದೆ, ಮಿಕ್ಕವರಲ್ಲಿ ಬಹುಪಾಲು ಜನರದ್ದು ಹೋಗಿದೆ. ಆಲ್ಬಮ್ ಕೊಂಡ ಸಾಹೇಬರ ಹೆಸರು ಮಾತ್ರ ಭದ್ರ. ದೆಹಲಿಯಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ಥಾಮಸ್ ಮೆಟ್‌ಕಾಫ್ 1844ರಲ್ಲಿ ಮಗಳಿಗೆ ಅಂತ ಮಾಡಿಸಿದ ಪುಸ್ತಕ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ, ಸುಮಾರು 120 ಚಿತ್ರ, ಹೆಚ್ಚಿನವು ಮಝರ್ ಅಲಿ ಖಾನ್ ಮತ್ತವರ ಜೊತೆಯವರದ್ದು, ಆದ್ರೂ ಎಲ್ರ ಬಾಯಲ್ಲೂ ಅದು ಮೆಟ್‌ಕಾಫ್ ಪುಸ್ತಕ. ಈ ಮನುಷ್ಯ ಮೆಹ್ರೋಲಿಯಲ್ಲಿದ್ದ ಒಂದು ಮೊಘಲ್ ಗೋರಿಯನ್ನೇ ತನ್ನ ವಿಹಾರದ ಬಂಗಲೆ ಮಾಡ್ಕೊಂಡಿದ್ದ ಅನ್ನೋದೂ ನೆನಪಿರ್ಲಿ.

ಅದೇ ಮಝರ್ ಅಲಿ ಖಾನ್ 1846ರಲ್ಲಿ ಕೆಂಪು ಕೋಟೆಯ ಲಾಹೋರಿ ದರ್ವಾಜಾ ಮೇಲಿಂದ ಕಾಣೋ ಇಡೀ ದೆಹಲಿಯನ್ನ ಸುತ್ತಲೂ ತಿರುಗಿ ಬರೆದಿದ್ದಾರೆ, ಹತ್ರ ಹತ್ರ 5 ಮೀಟರ್ ಉದ್ದ. ಹನ್ನೊಂದೇ ವರ್ಷಕ್ಕೆ ದಂಗೆಯಾಯ್ತು, ಆಮೇಲೆ ಬ್ರಿಟಿಷರು ಕೋಟೆಯೊಳಗಿನ ಅರಮನೆಯ ಬಹುಭಾಗ ಕೆಡವಿ ಸೈನಿಕರ ಬ್ಯಾರಕ್ ಕಟ್ಟಿದ್ರು, ಜಾಮಾ ಮಸೀದಿ ಸುತ್ತಲಿನ ಮನೆಗಳನ್ನೂ ಬಿಡ್ಲಿಲ್ಲ. ಆ ಊರು ಇದ್ದ ಹಾಗೇ ನೋಡ್ಬೇಕು ಅಂದ್ರೆ ಈಗ ಇಂಥ ಚಿತ್ರಗಳೇ ಗತಿ.

ನಮ್ಮ ಮಕ್ಕಳ ಸಮಾಜ ಪುಸ್ತಕದಲ್ಲಿ 1857ರ ಪಾಠದ ಪಕ್ಕ ಈ ಪನೋರಮಾ ಹಾಕ್ಬೇಕು, ಕೆಳಗೆ ಮಝರ್ ಅಲಿ ಖಾನ್ ಅಂತ ದೊಡ್ಡಕ್ಷರದಲ್ಲಿ ಅಚ್ಚು ಹಾಕ್ಬೇಕು. ಪಠ್ಯಪುಸ್ತಕ ಮಾಡೋರು ಯಾರಾದ್ರೂ ನನ್ನ ಫ್ರೆಂಡ್ ಲಿಸ್ಟಲ್ಲಿದ್ರೆ ದಯವಿಟ್ಟು ಇದನ್ನ ಸಮಿತಿ ಮುಂದಿಡಿ.